ಕತ್ತರಿಸಿ ಬಿಸಾಕಿದ ನಿಮಿಷ

ಫ್ಯಾನು ಹಾಕುವ ಹಾಗಿರಲಿಲ್ಲ. ಸದ್ದು ಮೈಕಿಗೆ ಬೀಳುತ್ತದಂತೆ. ಕಿಟಕಿ ತೆಗೆಯುವ ಹಾಗಿರಲಿಲ್ಲ. ಬಸ್ಸಿನ ಹಾರನ್ನು ಬೀಳುತ್ತದಂತೆ. ನರ್ಸಿಂಗ್ ಕಾಲೇಜಿನ ಹಿಂದುಗಡೆ ಮುರಿದ ಮಂಚ, ತುಕ್ಕು ಹಿಡಿದ ಡ್ರಿಪ್ ಸ್ಟ್ಯಾಂಡು ತುಂಬಿದ್ದ ಉಗ್ರಾಣ. ಅದರ ಅರ್ಧ ಖಾಲಿ ಮಾಡಿ, ಒಂದು ಪರದೆ ಕಟ್ಟಿ, ಬಿಳಿ ಬೋರ್ಡು ನಿಲ್ಲಿಸಿ, ಎರಡು ದೊಡ್ಡ ದೀಪ ಹಚ್ಚಿ ಸ್ಟುಡಿಯೋ ಎಂದು ಕರೆದಿದ್ದರು. ಹೆಸರಿಡುವುದಕ್ಕೆ ಖರ್ಚಿಲ್ಲವಲ್ಲ.

ಆ ದೀಪದ ಕೆಳಗೆ ಬಿ.ಪಿ. ಮೇಡಂ ಬೆಳಿಗ್ಗೆ ಒಂಬತ್ತರಿಂದ ನಿಂತೇ ಇದ್ದರು. ರವಿಕೆ ಬೆನ್ನಿಗೆ ಅಂಟಿತ್ತು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಅದು ಮೂವತ್ತೊಂದನೇ ಪಾಠ. ಇನ್ನೂ ಇಪ್ಪತ್ತೊಂಬತ್ತು ಬಾಕಿ.

ಹನ್ನೆರಡು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದು, ಹದಿನಾಲ್ಕು ವರ್ಷದಿಂದ ಈ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಂಗಸು. ಸಿಟ್ಟು ಮೂಗಿನ ತುದಿಯಲ್ಲಿ. ಅದಕ್ಕೇ ಹುಡುಗಿಯರು ಆ ಹೆಸರಿಟ್ಟಿದ್ದರು. ಗೊತ್ತಿದ್ದೂ ಅವರು ಗೊತ್ತಿಲ್ಲದ ಹಾಗೆ ಇದ್ದರು. ಹದಿನಾಲ್ಕು ವರ್ಷವೂ ಗುತ್ತಿಗೆಯೇ. ಪರೀಕ್ಷೆ ಮುಗಿದ ದಿನ ಕೆಲಸ ಸಾಯುತ್ತದೆ, ಕಾಲೇಜು ತೆರೆದ ದಿನ ಮತ್ತೆ ಹುಟ್ಟುತ್ತದೆ. ನಡುವಿನ ಎರಡು ತಿಂಗಳು ಇಂಥವರೊಬ್ಬರು ಭೂಮಿಯ ಮೇಲಿದ್ದಾರೆ ಎನ್ನುವುದೇ ಕಾಲೇಜಿಗೆ ಮರೆತುಹೋಗುತ್ತದೆ. ಈ ಸಲ ಮಾತ್ರ ರಜೆಯಲ್ಲೇ ನೆನಪಾಗಿ ಫೋನು ಬಂದಿತ್ತು.

"ಅರವತ್ತು ಪಾಠ ರೆಕಾರ್ಡ್ ಮಾಡ್ಕೊಡಿ ಮೇಡಂ. ಹುಷಾರಿಲ್ದೆ ಕ್ಲಾಸ್ ತಪ್ಪಿಸ್ಕೊಂಡ ಮಕ್ಕಳು ನೋಡ್ಕೊಳ್ತಾರೆ, ಪಾಪ. ಈ ವರ್ಷ ನಿಮ್ಮನ್ನ ಕಾಯಂ ಮಾಡೋದೇ ಸೈ."

ಹೀಗೆ ಮೂಗಿಗೆ ತುಪ್ಪ ಸವರಿದವನು ಕಾಲೇಜಿನ ಕಾರ್ಯದರ್ಶಿ. ಕಾಲೇಜು ಕಟ್ಟಿಸಿದ ಯಜಮಾನರ ಮಗಳನ್ನು ಮದುವೆಯಾಗಿದ್ದೇ ಅವನ ವಿದ್ಯಾರ್ಹತೆ. ಸಿಬ್ಬಂದಿಯೆಲ್ಲ ಅವನನ್ನು ಅಳಿಯಂದಿರು ಎನ್ನುತ್ತಿದ್ದರು. ನಮಗೆ ಅಷ್ಟು ಮರ್ಯಾದೆಯ ಅಗತ್ಯವಿಲ್ಲ. ಅಳಿಯ ಎಂದರೆ ಸಾಕು.

ಅವತ್ತಿನ ಪಾಠ, ಮಕ್ಕಳಿಗೆ ಕೊಡುವ ಇಂಜೆಕ್ಷನ್ನಿನ ಲೆಕ್ಕ. ಮೇಡಂ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು. ಕೂಸಿನ ತೂಕ ನಾಲ್ಕು ಕಿಲೋ. ಕಿಲೋಗೆ ಐದು ಮಿಲಿಗ್ರಾಂ. ಒಟ್ಟು ಇಪ್ಪತ್ತು ಮಿಲಿಗ್ರಾಂ. ಸೀಸೆಯಲ್ಲಿ ಒಂದು ಎಂ.ಎಲ್.ಗೆ ನಲವತ್ತು ಮಿಲಿಗ್ರಾಂ ಔಷಧಿ ಇದೆ. ಹಾಗಾದರೆ ಸಿರಿಂಜಿಗೆ ಎಳೆಯಬೇಕಾದದ್ದು ಐದು ಎಂ.ಎಲ್.

ಬರೆದು, ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ ನಿಂತುಬಿಟ್ಟರು.

ಕ್ಯಾಮೆರಾದವನು ಮದುವೆ ವೀಡಿಯೊ ತೆಗೆದು ಬದುಕುವವನು, ಐವತ್ತು ದಾಟಿದ ಬೋಳುತಲೆಯ ಮನುಷ್ಯ. ಅವನು ಸ್ವಲ್ಪ ಹೊತ್ತು ನೋಡಿದ.

"ಏನಾಯ್ತು ಮೇಡಂ? ಮರೆತೋಯ್ತಾ?"

"ಇಲ್ಲ."

"ಕ್ಯಾಮೆರಾ ಓಡ್ತಾ ಇದೆ."

"ಓಡ್ಲಿ. ಕಾಯ್ತಾ ಇದೀನಿ."

"ಯಾರಿಗೆ? ಇಲ್ಲಿರೋದು ನಾನೊಬ್ಬ, ನೀವೊಬ್ರು. ಮೂರನೇದು ಆ ಮುರುಕು ಮಂಚ."

ಮೇಡಂ ತಲೆ ಎತ್ತಿ ನೋಡಿದರು. ಗೋಡೆ ಗಡಿಯಾರದಲ್ಲಿ ಪೂರಾ ಒಂದು ನಿಮಿಷ ಕಳೆಯಿತು. ಆಮೇಲೆ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಹೇಳಿದರು.

"ಒಂದು ನಿಮಿಷ ಕೊಟ್ಟೆ. ಯಾರೂ ಬಾಯಿ ಬಿಡ್ಲಿಲ್ಲ. ಇಪ್ಪತ್ತನ್ನ ನಲವತ್ತರಿಂದ ಭಾಗಿಸಿದ್ರೆ ಅರ್ಧ. ನಾನು ಬರೆದಿದ್ದು ಐದು. ಹತ್ತು ಪಟ್ಟು ಔಷಧಿ ಹೋಯ್ತು ಒಳಗೆ, ಕೂಸು ಸತ್ತೋಯ್ತು. ಕೊಂದೋರು ಯಾರು? ತಪ್ಪು ಬರೆದ ನಾನು ಮಾತ್ರ ಅಲ್ಲ. ನೋಡಿಯೂ ಸುಮ್ಮನಿದ್ದ ನೀವೂನೂ. ದೊಡ್ಡವರು ಬರೆದ್ರು ಅಂತ ಕೊಟ್ಟುಬಿಡಬೇಡಿ. ಕೇಳಿ!"

ಐದನ್ನು ಒರೆಸಿ ಸೊನ್ನೆ, ಚುಕ್ಕಿ, ಐದು ಎಂದು ಬರೆದು ಸುತ್ತ ಗೀಟು ಹಾಕಿದರು. ಅರ್ಧ ಎಂ.ಎಲ್.

ಹದಿನಾಲ್ಕು ವರ್ಷದಿಂದ ಅವರ ಪಾಠದ ರೀತಿಯೇ ಇದು. ಲೆಕ್ಕದ ಪಾಠ ಎಂದರೆ ಒಂದು ತಪ್ಪು ಬೇಕೆಂದೇ ಬರೆಯುವುದು. ಬರೆದು ಕಾಯುವುದು. ಯಾರಾದರೂ ಒಬ್ಬಳು ಹೆದರುತ್ತ ಎದ್ದು "ಮೇಡಂ, ಅದು ತಪ್ಪಲ್ವಾ?" ಎನ್ನುವವರೆಗೂ ಮುಂದೆ ಹೋಗುವುದಿಲ್ಲ. ಎದ್ದವಳಿಗೆ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. "ಹೂಂ, ಬದುಕಿತು ಮಗು, ಕೂತ್ಕೋ" ಅಷ್ಟೇ. ಹೊಸದಾಗಿ ನರ್ಸ್ ಆಗಿದ್ದಾಗ, ಡಾಕ್ಟರು ಬರೆದ ಡೋಸ್ ಯಾಕೋ ಜಾಸ್ತಿ ಅನ್ನಿಸಿಯೂ, ಅಷ್ಟು ದೊಡ್ಡವರನ್ನು ಕೇಳುವುದು ಹೇಗೆ ಎಂದು ಇವರು ಸಿರಿಂಜು ಹಿಡಿದು ಮಂಚದ ಹತ್ತಿರ ಹೋಗಿದ್ದರು. ಹಿರಿಯ ಸಿಸ್ಟರ್ ಒಬ್ಬರು ಕೈಯಿಂದ ಕಿತ್ತುಕೊಂಡು ಎಸೆಯದಿದ್ದರೆ ಒಂದು ತಾಯಿಯ ಮಡಿಲು ಅವತ್ತೇ ಖಾಲಿಯಾಗುತ್ತಿತ್ತು.

"ನಿಮ್ಮ ದನಿ ತೆಗೀರಿ ಅಣ್ಣ," ಎಂದರು ಕ್ಯಾಮೆರಾದವನಿಗೆ. "ಆ ನಿಮಿಷ ಮಾತ್ರ ಮುಟ್ಟಬೇಡಿ."

"ಮದುವೆ ವೀಡಿಯೊದಲ್ಲಿ ಯಾರಾದ್ರೂ ಸುಮ್ಮನೆ ನಿಂತಿದ್ರೆ ಮೊದಲು ಅದಕ್ಕೇ ಕತ್ತರಿ ಹಾಕೋದು ಮೇಡಂ."

"ಇದು ಮದುವೆ ಅಲ್ಲ."

"ಆಯ್ತು ತಾಯಿ, ಇಡ್ತೀನಿ. ನನಗೂ ಮೊಮ್ಮಗು ಇದೆ."

ಅರವತ್ತು ಪಾಠ ಮುಗಿದ ದಿನ ಅಳಿಯ ಒಂದು ಛಾಪಾ ಕಾಗದ ಮುಂದಿಟ್ಟ. ಮೇಡಂ ಓದಿದರು, ಅರ್ಧ ಅರ್ಥವಾಯಿತು, ಸಹಿ ಮಾಡಿದರು. ಕಾಯಂ ಆಗುವ ಕಾಗದದ ಹಿಂದೆ ಇಂಥ ನಾಲ್ಕು ಕಾಗದ ಇರುತ್ತವೆ ಎಂದುಕೊಂಡರು. ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದರು. ಅವನು ದರ್ಜಿ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಹರಿದದ್ದಕ್ಕೆ ತೇಪೆ, ಉದ್ದವಾದದ್ದಕ್ಕೆ ಮಡಿಕೆ, ಇಷ್ಟೇ ಅವನ ಪಾಲಿಗೆ ಉಳಿದಿತ್ತು. ಬಾಯಲ್ಲಿದ್ದ ದಾರ ಕತ್ತರಿಸಿ ಕೇಳಿದ.

"ಅರವತ್ತೂ ಕೊಟ್ಟುಬಿಟ್ಯಾ?"

"ಹೂಂ ಕಣ್ರೀ."

"ಮೈ ಅಳತೆ ಪೂರ್ತಿ ಕೊಟ್ಟು ಬಂದೆ ಅನ್ನು. ಇನ್ನು ಬಟ್ಟೆ ಹೊಲಿಯೋಕೆ ನೀನು ಬರಬೇಕಾಗಿಲ್ಲ."

"ನಿಮ್ಮ ಬಾಯಲ್ಲಿ ಒಳ್ಳೇದೇ ಬರಲ್ವಾ?"

"ಬಂದಿದ್ರೆ ದರ್ಜಿ ಯಾಕಾಗ್ತಿದ್ದೆ? ನಿಮ್ಮ ಅಳಿಯಂದಿರ ಹಾಗೆ ಒಳ್ಳೆ ಮಾತಾಡಿ ಯಾರ ಮಗಳನ್ನಾದ್ರೂ ಮದುವೆ ಆಗ್ತಿದ್ದೆ."

"ಯಾರ ಮಗಳನ್ನೋ ಆಗಿದ್ದೀರಲ್ಲ, ಅನುಭವಿಸಿ," ಎಂದು ಮೇಡಂ ಒಳಗೆ ಹೋದರು. ನಗು ಬಂದಿತ್ತು; ಆದರೆ ಆ ಮಾತು ಕಾಲಿಗೆ ಚುಚ್ಚಿದ ಗುಂಡುಸೂಜಿಯ ಹಾಗೆ ಒಳಗೇ ಉಳಿಯಿತು.

ಕಾಲೇಜು ತೆರೆದ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದರು. ವೇಳಾಪಟ್ಟಿ ಅಂಟಿಸಿದ್ದ ಹಲಗೆಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಅವರ ವಿಷಯ ಇತ್ತು. ಎದುರಿಗೆ ಅವರ ಹೆಸರಿರಲಿಲ್ಲ, "ವೀಡಿಯೊ" ಎಂದಿತ್ತು. ಅಷ್ಟರಲ್ಲಿ ಅಟೆಂಡರಣ್ಣ ಟೀ ತಟ್ಟೆ ಹಿಡಿದು ಬಂದವನು ದೆವ್ವ ಕಂಡವನಂತೆ ನಿಂತ.

"ಮೇಡಮ್ನೋರೆ! ನೀವು ಎರಡನೇ ರೂಮಲ್ಲಿ ಪಾಠ ಮಾಡ್ತಾ ಇದೀರಲ್ಲ. ಇಲ್ಲಿ ಹೇಗೆ?"

"ಏನು ಹುಡುಗಾಟ ಇದು?"

"ನಾನಾ ಹುಡುಗಾಟ ಮಾಡೋನು? ಕೇಳಿ ಬೇಕಾದ್ರೆ."

ಕೇಳಿದರು. ಎರಡನೇ ಕೋಣೆಯಿಂದ ಅವರದೇ ದನಿ. ಮೂರನೇ ಕೋಣೆಯಿಂದಲೂ ಅವರದೇ ದನಿ, ನಾಲ್ಕು ಮಾತು ಹಿಂದೆ. ಯಜಮಾನರ ಇನ್ನೆರಡು ಊರಿನ ಕಾಲೇಜುಗಳಲ್ಲೂ ಅದೇ ಹೊತ್ತಿಗೆ ಅದೇ ದನಿ. ಮಂತ್ರವಾದಿಗೂ ಸಾಧ್ಯವಾಗದ್ದನ್ನು ಅಳಿಯ ಮಾಡಿದ್ದ: ಒಬ್ಬ ಹೆಂಗಸನ್ನು ಮೂರು ಕಾಲೇಜಿನ ಒಂಬತ್ತು ಕೋಣೆಯಲ್ಲಿ ನಿಲ್ಲಿಸಿ, ಬಾಗಿಲ ಹೊರಗೂ ನಿಲ್ಲಿಸಿದ್ದ.

ಅಳಿಯನ ಕೋಣೆಯಲ್ಲಿ ಎ.ಸಿ. ಓಡುತ್ತಿತ್ತು. ಅಲ್ಲಿ ಯಾರ ಮೈಕಿಗೂ ಸದ್ದು ಬೀಳುವ ಭಯವಿಲ್ಲ.

"ಬನ್ನಿ ಬನ್ನಿ ಮೇಡಂ. ಎಂಥ ಪಾಠ! ಮಾವನವರು ನೋಡಿ ಬಹಳ ಖುಷಿಪಟ್ರು."

"ನನ್ನ ಹೆಸರಿಲ್ಲ ಸಾರ್ ಪಟ್ಟಿಯಲ್ಲಿ."

"ಹೆಸರು ಯಾಕೆ, ಮುಖಾನೇ ಇದೆಯಲ್ಲ ಪರದೆ ತುಂಬ."

"ಕಾಯಂ ಮಾಡ್ತೀನಿ ಅಂದಿದ್ರಿ."

"ಮಾಡಿದೀವಲ್ಲ! ನಿಮ್ಮ ಪಾಠ ಕಾಯಂ. ಇನ್ನು ಇಪ್ಪತ್ತು ವರ್ಷ ಅಲ್ಲಾಡಲ್ಲ. ನೋಡಿ ಮೇಡಂ, ಬೇಜಾರು ಮಾಡ್ಕೋಬೇಡಿ, ನಮಗೆ ನಿಮ್ಮ ಪಾಠ ಬೇಕು. ನೀವು ಬೇಕು ಅಂತ ಏನಿಲ್ಲ."

ಇಷ್ಟು ಹೇಳಿ ಅವನು ನಕ್ಕ. ಕೆಲವರಿಗೆ ದೇವರು ನಾಚಿಕೆಯ ಜಾಗದಲ್ಲೂ ಹಲ್ಲನ್ನೇ ಕೊಟ್ಟಿರುತ್ತಾನೆ.

ಮೇಡಂ ಎದ್ದರು. ಅಳಿಯ ಕೈ ಅಡ್ಡ ಮಾಡಿದ. ಬರಿಗೈಯಲ್ಲಿ ಕಳಿಸುವಷ್ಟು ಕಟುಕರು ನಾವಲ್ಲ, ಎ ಸೆಕ್ಷನ್ನಿಗೆ ವೀಡಿಯೊ ಸಹಾಯಕಿ ಬೇಕು ಎಂದ. ಗುಂಡಿ ಒತ್ತುವುದು, ಹಾಜರಿ ಹಾಕುವುದು, ಗಲಾಟೆ ಆಗದಂತೆ ನೋಡುವುದು. ಸಂಬಳ ಹಿಂದಿನದರ ಅರ್ಧ. ಒಂದೇ ಷರತ್ತು. ವೀಡಿಯೊ ಓಡುವಾಗ ಸಹಾಯಕಿ ಮಾತಾಡುವ ಹಾಗಿಲ್ಲ.

"ಎರಡು ದನಿ ಆದ್ರೆ ಮಕ್ಕಳಿಗೆ ಗೊಂದಲ ಆಗುತ್ತೆ ನೋಡಿ."

"ಎರಡೂ ನನ್ನದೇ ದನಿ ಅಲ್ವಾ ಸಾರ್?"

"ಅದು ಸಂಸ್ಥೆಯ ದನಿ ಮೇಡಂ. ಕಾಗದಕ್ಕೆ ಸಹಿ ಮಾಡಿದೀರಿ."

ಮೇಡಂ ಅವನ ಮುಖಕ್ಕೆ ಉಗಿದು ಬರಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಹೊಟ್ಟೆ ತುಂಬಿದವರಿಗೆ ಹಾಗೆ ಅನ್ನಿಸುವುದು ಸಹಜ. ಅವರು "ಆಯ್ತು ಸಾರ್" ಎಂದರು. ಮನೆಯ ಬಾಡಿಗೆ, ಗಂಡನ ತೇಪೆ ಕೆಲಸ, ಐವತ್ತು ಸಮೀಪಿಸಿದ ವಯಸ್ಸು. ಜೊತೆಗೆ ಇನ್ನೊಂದು ಕಾರಣ, ಅವರು ಯಾರಿಗೂ ಹೇಳದ್ದು. ತರಗತಿಯ ಬಾಗಿಲು ದಾಟಿ ಹುಡುಗಿಯರ ಎದುರು ನಿಲ್ಲದೆ ದಿನ ಕಳೆಯುವುದು ಹೇಗೆ ಎಂದು ಅವರಿಗೆ ತಿಳಿದಿರಲಿಲ್ಲ.

ಹೀಗೆ ಬಿ.ಪಿ. ಮೇಡಂ ಬಿ.ಪಿ. ಮೇಡಮ್ಮಿನ ಸಹಾಯಕಿಯಾದರು. ದಿನಾ ಗುಂಡಿ ಒತ್ತಿ, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮನ್ನೇ ತಾವು ನೋಡಿದರು. ಪರದೆಯ ಮೇಲಿನವಳು ಬಹಳ ಚುರುಕು. ಉಸಿರಿಗೂ ನಿಲ್ಲುವುದಿಲ್ಲ, ಬೆವರುವುದಿಲ್ಲ, ಸಿಟ್ಟಾಗುವುದಿಲ್ಲ. "ಅರ್ಥ ಆಯ್ತಾ?" ಎಂದು ಕೇಳಿ, ಆಗಲಿಲ್ಲ ಎಂದು ಬಾಯಿ ತೆರೆಯುವ ಮೊದಲೇ "ಸರಿ, ಮುಂದೆ ಹೋಗೋಣ" ಎನ್ನುತ್ತಾಳೆ.

ಮುಂದಿನ ಸಾಲಿನಲ್ಲಿ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಎರಡನೇ ದಿನವೇ ಕೈ ಎತ್ತಿದಳು.

"ಮೇಡಂ, ಒಂದು ಡೌಟು."

ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಪರದೆಯವಳು ಮಾತಾಡುತ್ತಲೇ ಇದ್ದಳು. ಮೇಡಂ ಗೋಡೆಯ ಮೇಲಿನ ಸಿ.ಸಿ. ಕ್ಯಾಮೆರಾ ನೋಡಿ ಮತ್ತೆ ಕೂತರು. ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

"ಯಾರನ್ನ ಕೇಳ್ಬೇಕು ಹಾಗಾದ್ರೆ? ಅವರು ಕೇಳಿಸ್ಕೊಳ್ಳಲ್ಲ, ನೀವು ಹೇಳಲ್ಲ," ಎಂದಳು ಹುಡುಗಿ.

ಹಿಂದಿನ ಬೆಂಚಿನವಳೊಬ್ಬಳು, "ಗೋಡೆ ಮೇಲಿರೋ ಹಲ್ಲೀನ ಕೇಳೇ. ಅದಾದ್ರೂ ಲೊಚಗುಟ್ಟುತ್ತೆ," ಎಂದಳು. ಎಲ್ಲರೂ ನಕ್ಕರು. ಮೇಡಮ್ಮಿಗೂ ನಗು ಬರಬೇಕಿತ್ತು. ಬರಲಿಲ್ಲ.

ಎರಡು ತಿಂಗಳಾದ ಮೇಲೆ, ಒಂದು ಬುಧವಾರ, ಮೂವತ್ತೊಂದನೇ ಪಾಠ ಬಂತು. ಮೇಡಂ ನೆಟ್ಟಗೆ ಕೂತರು. ಈ ಒಂದು ಪಾಠದಲ್ಲಾದರೂ ಪರದೆಯವಳು ಬಾಯಿ ಮುಚ್ಚಿ ಒಂದು ನಿಮಿಷ ನಿಲ್ಲುತ್ತಾಳೆ. ಆಗ ಯಾರು ಎದ್ದು ನಿಲ್ಲಬಹುದು? ಕನ್ನಡಕದವಳೇ ಇರಬೇಕು.

ಪರದೆಯ ಮೇಲೆ ಬರೆದಾಯಿತು. ನಾಲ್ಕು ಕಿಲೋ. ಇಪ್ಪತ್ತು ಮಿಲಿಗ್ರಾಂ. ಐದು ಎಂ.ಎಲ್.

ಪರದೆಯವಳು ಪೆನ್ನಿನ ಮುಚ್ಚಳ ಹಾಕಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಚಂಗನೆ ಹಾರಿತು. ಒರೆಸಿದ ಬೋರ್ಡು ಹೊಸದಾಗಿ ಕಂಡಿತು. "ಇನ್ನು ಡ್ರಿಪ್ಪಿನ ಹನಿ ಎಣಿಸೋದು ಹೇಗೆ ನೋಡೋಣ."

ನಿಮಿಷ ಇರಲಿಲ್ಲ. ಸತ್ತ ಕೂಸು ಇರಲಿಲ್ಲ. ಸೊನ್ನೆ ಚುಕ್ಕಿ ಐದು ಇರಲಿಲ್ಲ. ಅರವತ್ತು ಹುಡುಗಿಯರು ತಲೆ ತಗ್ಗಿಸಿ, ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಬರೆದುಕೊಳ್ಳುತ್ತಿದ್ದರು: ಐದು ಎಂ.ಎಲ್. ಬರೆದುಕೊಳ್ಳುವವರು ಲೆಕ್ಕ ಮಾಡುವುದಿಲ್ಲ. ಇನ್ನೂ ಸಿರಿಂಜು ಮುಟ್ಟದ ಕೈಗಳಿಗೆ ಐದು ಎಂದರೂ ಒಂದೇ, ಅರ್ಧ ಎಂದರೂ ಒಂದೇ. ಸೋಮವಾರದಿಂದ ಇವರಿಗೆಲ್ಲ ಮಕ್ಕಳ ವಾರ್ಡಿನಲ್ಲಿ ಕೆಲಸ.

ಮೇಡಂ ಎದ್ದು ಗುಂಡಿ ಒತ್ತಿದರು. ಪರದೆಯವಳು ಬಾಯಿ ತೆರೆದ ಹಾಗೆಯೇ ನಿಂತಳು.

"ಹೊಡೀರಿ ಅದನ್ನ! ತಪ್ಪು! ಐದಲ್ಲ, ಅರ್ಧ! ಪ್ರತಿಯೊಬ್ಬರೂ ಹೊಡೀರಿ, ನಾನು ನೋಡ್ಬೇಕು!"

ಬೆಂಚಿನಿಂದ ಬೆಂಚಿಗೆ ಹೋಗಿ ಒಂದೊಂದು ಪುಸ್ತಕ ನೋಡಿದರು. ಕನ್ನಡಕದ ಹುಡುಗಿ ಕೇಳಿದಳು: "ಮೇಡಂ, ಬಿ ಸೆಕ್ಷನ್, ಸಿ ಸೆಕ್ಷನ್ನೋರು? ಅವರಿಗೆ ಬೆಳಿಗ್ಗೇನೇ ತೋರಿಸಿಬಿಟ್ಟಿದಾರೆ. ಅಲ್ಲಿ ಗುಂಡಿ ಒತ್ತೋರು ಲೈಬ್ರರಿ ಅಂಕಲ್ಲು."

ಮೇಡಂ ಉತ್ತರಿಸುವ ಮೊದಲೇ ಅಟೆಂಡರಣ್ಣ ಬಾಗಿಲಲ್ಲಿದ್ದ. "ಮೇಡಮ್ನೋರೆ, ಅಳಿಯಂದಿರು ಕರೀತಾರೆ. ಸಿ.ಸಿ.ಯಲ್ಲಿ ನೋಡಿದ್ರಂತೆ. ಕುಣೀತಾ ಇದಾರೆ."

ನಿಜಕ್ಕೂ ಕುಣಿಯುತ್ತಿದ್ದ.

"ಸ್ವಂತ ವೀಡಿಯೊನ ಸ್ವಂತ ಬಾಯಲ್ಲಿ ತಪ್ಪು ಅಂತ ಕೂಗ್ತೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

"ಆ ಪಾಠದಲ್ಲಿ ಒಂದು ನಿಮಿಷ ತೆಗೆದಿದಾರೆ ಸಾರ್. ಅದರ ಜೊತೆ ಸರಿ ಉತ್ತರಾನೂ ಹೋಗಿದೆ."

"ಗೊತ್ತು. ನಾನೇ ತೆಗೆಸಿದ್ದು."

"ನೀವಾ ಸಾರ್?"

"ಮತ್ತಿನ್ನೇನು? ಒಂದು ನಿಮಿಷ ಗರಬಡಿದವರ ಹಾಗೆ ನಿಂತಿದೀರಿ. ಆಮೇಲೆ ಕೂಸು ಸತ್ತೋಯ್ತು, ಕೊಂದೋರು ಯಾರು! ಅಡ್ಮಿಷನ್ನಿಗೆ ಬರೋ ತಂದೆತಾಯಿಗೆ ತೋರಿಸೋ ವೀಡಿಯೊ ಅದು. ಸಾವು ಗೀವು ಅಂತ ಅಪಶಕುನದ ಮಾತು ಯಾಕೆ? ಆ ಕ್ಯಾಮೆರಾದವನು ಬೇಡ ಬೇಡ ಅಂತ ಕೈ ಮುಗಿದ. ಅವನಿಗೇನು ಗೊತ್ತು."

"ಸಾರ್, ಆ ಲೆಕ್ಕದಲ್ಲಿ ಇಂಜೆಕ್ಷನ್ ಕೊಟ್ರೆ ನಿಜವಾಗ್ಲೂ ಸಾಯುತ್ತೆ ಸಾರ್. ಸೋಮವಾರ ಮಕ್ಕಳ ವಾರ್ಡಿಗೆ ಹೋಗ್ತಾರೆ. ಇಲ್ಲಿ ಎರಡು ಸೆಕ್ಷನ್, ಇನ್ನೆರಡು ಕಾಲೇಜು. ಒಂದು ಫೋನ್ ಮಾಡಿ, ಪುಸ್ತಕದಲ್ಲಿ ತಿದ್ದಿಸಿ. ಹತ್ತು ನಿಮಿಷದ ಕೆಲಸ. ನಾನೇ ಹೋಗಿ ಹೇಳ್ತೀನಿ."

"ನೀವು ಎಲ್ಲೂ ಹೋಗೋ ಹಾಗಿಲ್ಲ. ಆ ಪಾಠ ಸಂಸ್ಥೆಯ ಆಸ್ತಿ. ಹೊರಗೆ ಹೇಳೋದಕ್ಕೆ ನಿಮಗೆ ಹಕ್ಕಿಲ್ಲ. ಮುಂದಿನ ವಾರ ಸರ್ಕಾರದೋರು ಕಾಲೇಜು ತನಿಖೆಗೆ ಬರ್ತಾ ಇದಾರೆ, ವೀಡಿಯೊ ಪಾಠದಲ್ಲಿ ತಪ್ಪಿದೆ ಅಂತ ನಾವೇ ಡಂಗುರ ಸಾರೋದಾ? ಒಂದು ಚುಕ್ಕಿಗೆ?"

"ಆ ಚುಕ್ಕಿ ಒಂದು ಜೀವ ಸಾರ್."

"ತಪ್ಪು ಬರೆದೋರು ಯಾರು?"

"ನಾನೇ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಅಷ್ಟು ಸಾಕು."

ಗುಮಾಸ್ತೆಯನ್ನು ಕರೆದು ಅಲ್ಲೇ ಒಂದು ಕಾಗದ ಬರೆಸಿದ. ಮೂವತ್ತೊಂದನೇ ಪಾಠದಲ್ಲಿರುವ ತಪ್ಪಿಗೆ ನಾನೊಬ್ಬಳೇ ಹೊಣೆ, ಸಂಸ್ಥೆಗೆ ಇದು ತಿಳಿದಿರಲಿಲ್ಲ, ಮುಂದೆ ಏನೇ ಅನಾಹುತವಾದರೂ ನಾನೇ ಜವಾಬ್ದಾರಳು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಇವನು ಉಂಡ ಎಲೆಯನ್ನು ತೆಗೆಯುವ ಕೆಲಸವನ್ನೂ ಅವರ ಕೈಗೇ ಇಟ್ಟ.

"ನಾಳೆ ಹತ್ತು ಗಂಟೆಗೆ ಸಹಿ ಮಾಡಿ ತನ್ನಿ, ಕುರ್ಚಿ ಇರುತ್ತೆ. ಇಲ್ಲಾಂದ್ರೆ ಬರೋದೇ ಬೇಡ."

ಮೇಡಂ ಮೆಟ್ಟಿಲು ಇಳಿಯುವಾಗ ಕನ್ನಡಕದ ಹುಡುಗಿ ಕಂಬದ ಹತ್ತಿರ ನಿಂತಿದ್ದಳು. ಏನಾಯಿತು ಎಂದು ಕೇಳಿದಳು. ಮೇಡಂ ಕಾಗದವನ್ನೇ ಕೊಟ್ಟರು. ಹುಡುಗಿ ಎರಡು ಸಲ ಓದಿ ವಾಪಸು ಕೊಟ್ಟಳು.

"ಇದರಲ್ಲಿ ಬಿ ಸೆಕ್ಷನ್ನಿಗೆ ಹೇಳ್ತೀವಿ ಅಂತ ಎಲ್ಲೂ ಇಲ್ವಲ್ಲ ಮೇಡಂ?"

"ಇಲ್ಲ ಕಣಮ್ಮ."

"ಸರಿ," ಎಂದು ಹಾಸ್ಟೆಲಿನ ಕಡೆ ನಡೆದಳು. ಹೋಗುವ ರೀತಿ ಬಿರುಸಾಗಿತ್ತು.

ಮನೆಯಲ್ಲಿ ಗಂಡ ಕಾಗದ ಓದಲಿಲ್ಲ. ಹೆಂಡತಿಯ ಮುಖ ಓದಿದ. ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆ ಸರಿಸಿ ಕೂತ.

"ಸಹಿ ಮಾಡಿದ್ರೆ?"

"ಅರ್ಧ ಸಂಬಳ ಇರುತ್ತೆ. ನಾಳೆ ಎಲ್ಲೋ ಒಂದು ಮಗು ಹೋದ್ರೆ ಕೊಲೆಗಾರ್ತಿ ನಾನು."

"ಮಾಡದಿದ್ರೆ?"

"ಸಂಬಳ ಇರಲ್ಲ. ಮಗು ಆಗಲೂ ಹೋಗಬಹುದು."

ಗಂಡ ದಾರದ ಉಂಡೆ ಸುತ್ತಿಟ್ಟ. ಆಮೇಲೆ ಹೇಳಿದ: "ನನಗೆ ಡೋಸು ಗೀಸು ತಿಳಿಯಲ್ಲ ಕಣೆ. ಅಳತೆ ತಪ್ಪಿ ಬಟ್ಟೆ ಕೆಟ್ರೆ ಬಟ್ಟೆ ಬಿಸಾಕಬಹುದು. ಅಷ್ಟೇ ಗೊತ್ತು ನನಗೆ. ಬಾಡಿಗೆ ವಿಷಯ ಮನೆ ಓನರ್ ಹತ್ರ ನಾನು ಮಾತಾಡ್ತೀನಿ."

ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ಆ ಮನುಷ್ಯ ತಮಾಷೆಯಿಲ್ಲದೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಈ ಊರಿನ ವಾರ್ಡಿಗೆ ನಾಳೆ ತಾವೇ ಹೋಗಿ ಹೇಳುವುದೆಂದುಕೊಂಡು, ಮೇಡಂ ಮೂಲೆಯಂಗಡಿಗೆ ಹೋಗಿ ಇನ್ನೆರಡು ಊರಿನ ಮಕ್ಕಳ ವಾರ್ಡಿನ ಸಿಸ್ಟರುಗಳಿಗೆ ಫೋನು ಮಾಡಿದರು. ತಮ್ಮ ಫೋನಿನಲ್ಲಿ ಕರೆನ್ಸಿ ಇರಲಿಲ್ಲ. ಒಬ್ಬರು ಹಳೆಯ ಗೆಳತಿ. "ಬರಲಿ, ಬಾಗಿಲಲ್ಲೇ ಒಬ್ಬೊಬ್ಬರದೂ ಪುಸ್ತಕ ನೋಡ್ತೀನಿ" ಎಂದರು. ಇನ್ನೊಬ್ಬರು ಎತ್ತಲೇ ಇಲ್ಲ.

ಗುರುವಾರ ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಮೇಡಂ ಸಹಿಯಿಲ್ಲದ ಕಾಗದ ಹಿಡಿದು ಮೆಟ್ಟಿಲ ಬಳಿ ಬಂದರು. ಅದನ್ನು ಅಳಿಯನ ಮೇಜಿನ ಮೇಲೆ ಇಟ್ಟು, ಹೇಳುವುದನ್ನು ಹೇಳಿ, ಹೊರಟುಬಿಡುವುದು ಅವರ ಲೆಕ್ಕ. ಆದರೆ ಮೆಟ್ಟಿಲು ಹತ್ತಲು ಜಾಗವಿರಲಿಲ್ಲ.

ಹುಡುಗಿಯರು ಸಾಲಾಗಿ ನಿಂತಿದ್ದರು. ಎ ಸೆಕ್ಷನ್, ಬಿ ಸೆಕ್ಷನ್. ಬಿಳಿ ಸಮವಸ್ತ್ರದ ಸಾಲು ಅಳಿಯನ ಬಾಗಿಲಿಂದ ಹೊರಟು, ಮೆಟ್ಟಿಲು ಇಳಿದು, ನೀರಿನ ಟ್ಯಾಂಕಿನವರೆಗೆ ಹೋಗಿತ್ತು. ಎಲ್ಲರ ಕೈಯಲ್ಲೂ ಒಂದೊಂದು ನೋಟು ಪುಸ್ತಕ, ನಡುವೆ ಬೆರಳಿಟ್ಟು ಮಡಿಚಿದ್ದು. ರಾತ್ರಿ ಊಟದ ಹಾಲಿನಲ್ಲಿ ಕನ್ನಡಕದವಳು ಬೆಂಚು ಹತ್ತಿ ನಿಂತು ಮಾತಾಡಿದ್ದಳಂತೆ. ತಟ್ಟೆ ತೊಳೆಯುವುದನ್ನೂ ಮರೆತು ಎಲ್ಲರೂ ಪುಸ್ತಕ ತಂದು ಹೋಲಿಸಿದ್ದರಂತೆ. ಎ ಸೆಕ್ಷನ್ನಿನಲ್ಲಿ ಅರ್ಧ, ಉಳಿದವರಲ್ಲಿ ಐದು. ಮೇಡಮ್ಮಿಗೆ ದಾರಿ ಬಿಟ್ಟು ಬಾಗಿಲ ತನಕ ಕಳಿಸಿದರು.

ಒಳಗೆ ಅಳಿಯನ ಮೇಜಿನ ಗಾಜಿನ ಮೇಲೆ ಬಿ ಸೆಕ್ಷನ್ನಿನ ಮೊದಲ ಪುಸ್ತಕ ತೆರೆದು ಬಿದ್ದಿತ್ತು. ಎದುರಿಗೆ ಕನ್ನಡಕದ ಹುಡುಗಿ.

"ಇದೇನು ಗಲಾಟೆ? ಕ್ಲಾಸಿಗೆ ಹೋಗಿ!"

"ಗಲಾಟೆ ಇಲ್ಲ ಸಾರ್. ಸಾಲಲ್ಲಿ ಬಂದಿದೀವಿ. ಒಂದು ಸಹಿ ಬೇಕು."

"ಯಾವ ಸಹಿ?"

"ಇಲ್ಲಿ ಸಾರ್. ನಾಲ್ಕು ಕಿಲೋ ಕೂಸಿಗೆ ಐದು ಎಂ.ಎಲ್. ಅಂತ ಇದೆಯಲ್ಲ, ಅದರ ಕೆಳಗೆ. ಸೋಮವಾರ ನಾವೇ ಕೊಡಬೇಕಾಗುತ್ತೆ. ಸಹಿ ಇಲ್ಲದ ಡೋಸ್ ಕೊಡೋ ಹಾಗಿಲ್ಲ ಸಾರ್, ಯಾರು ಕೊಡು ಅಂತಾರೋ ಅವರು ಸಹಿ ಮಾಡ್ಬೇಕು."

"ಯಾರು ಹೇಳಿಕೊಟ್ರು ನಿಮಗೆ ಇದನ್ನೆಲ್ಲ?" ಅಳಿಯ ಬಾಗಿಲಲ್ಲಿ ನಿಂತ ಮೇಡಮ್ಮಿನ ಕಡೆ ಬೆರಳು ತೋರಿಸಿ ಕಿರುಚಿದ. "ಇವರೇನಾ?"

"ಹನ್ನೆರಡನೇ ವೀಡಿಯೊ ಸಾರ್," ಎಂದಳು ಹುಡುಗಿ. "ಅದಕ್ಕೆ ನೀವು ಕತ್ತರಿ ಹಾಕಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತ ಟ್ಯಾಂಕಿನ ತನಕ ಹೋಯಿತು. ಅಳಿಯ ಪುಸ್ತಕವನ್ನು ದೂಡಿದ. ಹಿಂದಿನವಳು ತನ್ನದನ್ನು ಅದರ ಮೇಲೆ ಇಟ್ಟಳು. ಅದರ ಮೇಲೆ ಮೂರನೆಯದು. ನಾಲ್ಕನೆಯದು ಅವನ ಟೀ ಲೋಟಕ್ಕೆ ತಾಗಿತು.

"ಸರಿಯಾಗಿದ್ರೆ ಸಹಿ ಮಾಡಿ ಸಾರ್. ತಪ್ಪಾಗಿದ್ರೆ ತಪ್ಪು ಅಂತ ಬರೆದು ಸಹಿ ಮಾಡಿ, ಉಳಿದ ಕಾಲೇಜಿಗೂ ಕಳಿಸಿ. ಎರಡರಲ್ಲಿ ಒಂದು. ನಮಗೇನು ಅವಸರ ಇಲ್ಲ."

ಮೇಡಂ ಮುಂದೆ ಬಂದು ತಮ್ಮ ಕಾಗದವನ್ನು ಪುಸ್ತಕಗಳ ಪಕ್ಕ ಇಟ್ಟರು.

"ಇದಕ್ಕೂ ನೀವೇ ಮಾಡಿ ಸಾರ್. ನಾನು ಬರೆದಿದ್ದನ್ನ ನಾನೇ ತಿದ್ದಿದ್ದೆ. ತಿದ್ದಿದ್ದನ್ನ ತೆಗೆಸಿದೋರು ನೀವು."

ಅಳಿಯನ ಜೇಬಿನಲ್ಲಿ ಮೂರು ಪೆನ್ನು ಇದ್ದವು. ಒಂದೂ ಹೊರಗೆ ಬರಲಿಲ್ಲ. ಬೇರೆಯವರ ಸಹಿಯ ಮೇಲೆ ಬದುಕು ಕಟ್ಟಿದವನಿಗೆ ಸ್ವಂತ ಸಹಿ ಮಾಡಲು ಕೈ ಬರಬೇಕಲ್ಲ. ಅವನು ಗಂಟೆ ಬಾರಿಸಿದ. ಯಾರೂ ಬರಲಿಲ್ಲ. ಮತ್ತೆ ಬಾರಿಸಿದ. ಮೂರನೇ ಸಲ ಬಾರಿಸಿದಾಗ ಅಟೆಂಡರಣ್ಣ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಒಳಗೆ ತಲೆ ಹಾಕಿದ.

"ಇವರನ್ನೆಲ್ಲ ಆಚೆ ಕಳಿಸಯ್ಯ!"

ಅಟೆಂಡರಣ್ಣ ತಲೆ ಕೆರೆದುಕೊಂಡ.

"ಎಲ್ಲಿಗೆ ಕಳಿಸಲಿ ಸಾರ್? ಗೇಟಿನ ಹತ್ರಾನೂ ಜಾಗ ಇಲ್ಲ. ಸಿ ಸೆಕ್ಷನ್ನೋರು ಈಗ ಬಂದ್ರು."